ಪಣಿಕ್ಕರರ ಕಡಲು, ನಮ್ಮ ದಡ

ಸರದಾರ್ ಕೆ. ಎಂ. ಪಣಿಕ್ಕರರ ‘ಇಂಡಿಯಾ ಅಂಡ್ ದಿ ಇಂಡಿಯನ್ ಓಷನ್’ ಗಾತ್ರದಲ್ಲಿ ಚಿಕ್ಕದು, 1945ರಲ್ಲಿ ಹೊರಬಂದದ್ದು. ತಿರುವಾಂಕೂರಿನ ಕಾವಾಲಂನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದು 1963ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಈ ವಿದ್ವಾಂಸರು ಕನ್ನಡಿಗರಿಗೆ ಹೊರಗಿನವರಲ್ಲ. ರಕ್ಷಣಾ ವೆಚ್ಚದ ಚರ್ಚೆ ಎದ್ದಾಗಲೆಲ್ಲ ಈ ಪುಸ್ತಕವನ್ನು ಮತ್ತೆ ಓದುವುದು ಲೇಸು.

ಗ್ರಂಥದ ವಾದ ಸರಳ. ನಾವು ವಾಯವ್ಯದ ಕಣಿವೆಗಳನ್ನೇ ಕಾಯುತ್ತ ಕುಳಿತೆವು; ಸ್ವಾತಂತ್ರ್ಯ ಹೋದದ್ದು ಕಡಲಿನಿಂದ. ಹದಿನಾರನೆಯ ಶತಮಾನದ ಆರಂಭದಲ್ಲಿ ಸಮುದ್ರದ ಒಡೆತನ ಕೈತಪ್ಪಿದಾಗಲೇ ದೇಶದ ಹಣೆಬರಹ ನಿಶ್ಚಯವಾಯಿತು. ಆದ್ದರಿಂದ ನೌಕಾಬಲ ಕಟ್ಟಬೇಕು, ದೂರದ ದ್ವೀಪಗಳಲ್ಲಿ ನೆಲೆಗಳಿರಬೇಕು.

ಕಾಲ ಈ ಮಾತನ್ನು ಬಹುಮಟ್ಟಿಗೆ ಎತ್ತಿಹಿಡಿದಿದೆ. ತಿರುವನಂತಪುರದಲ್ಲಿ 1984ರಲ್ಲಿ ವಾಯುಪಡೆಯ ದಕ್ಷಿಣ ಕಮಾಂಡ್ ಸ್ಥಾಪನೆಯಾಯಿತು. ಕೊಚ್ಚಿಯ ಹಡಗುಕಟ್ಟೆಯಲ್ಲಿ ತಯಾರಾದ 262 ಮೀಟರು ಉದ್ದದ ‘ವಿಕ್ರಾಂತ್’ 2022ರ ಸೆಪ್ಟೆಂಬರ್ 2ರಂದು ನೌಕಾಪಡೆ ಸೇರಿತು. ಅದಕ್ಕೆ ತಗುಲಿದ್ದು ಸುಮಾರು 20,000 ಕೋಟಿ ರೂಪಾಯಿ; ಅಡಿಪಟ್ಟಿ ಇಟ್ಟದ್ದು 2009ರಲ್ಲಿ.

ಆದರೂ ಪಣಿಕ್ಕರರ ವಾದವನ್ನು ಇಡಿಯಾಗಿ ಒಪ್ಪಲು ನಮಗೆ ಸಾಧ್ಯವಾಗದು. ಪೋರ್ಚುಗೀಸರಿಗೆ ಕೊಚ್ಚಿಯಲ್ಲಿ ಕಾಲೂರಲು ಎಡೆ ಸಿಕ್ಕಿದ್ದು ಫಿರಂಗಿಯಿಂದ ಮಾತ್ರವಲ್ಲ, ಸಾಮೂದಿರಿಯೊಡನೆ ಕೊಚ್ಚಿಯ ಅರಸನಿಗಿದ್ದ ಹಗೆಯಿಂದ. 1741ರಲ್ಲಿ ಕೊಳಚ್ಚಲಿನಲ್ಲಿ ಇಳಿದ ಡಚ್ಚರಿಗೂ ಹಡಗುಗಳಿದ್ದವು. ಮಾರ್ತಾಂಡವರ್ಮನ ದಂಡು ಅವರನ್ನು ನೆಲದ ಮೇಲೆ ಸೋಲಿಸಿತು. ದಡ ಗಟ್ಟಿಯಾಗಿದ್ದರೆ ಕಡಲಿನ ಒಡೆಯನೂ ಹಿಂದೆಗೆಯಬೇಕು. ಮಲಬಾರಿನ ಚರಿತ್ರೆಯನ್ನು ಬರೆದ ಪಣಿಕ್ಕರರು ಇದನ್ನು ಅರಿಯದವರಲ್ಲ. ಆದರೆ ನೌಕಾಬಲದ ಸಿದ್ಧಾಂತಕ್ಕೆ ಕೂರುವಾಗ ಹಡಗು ಮುಂದಾಯಿತು, ದಡದವನು ಹಿಂದಾದ.

ಇಂದಿನ ಅಪಾಯಗಳು ಈ ಕೊರತೆಯನ್ನೇ ಎತ್ತಿ ತೋರುತ್ತಿವೆ. 2008ರಲ್ಲಿ ಮುಂಬಯಿಗೆ ಹಂತಕರು ಬಂದದ್ದು ಯುದ್ಧನೌಕೆಯಲ್ಲಲ್ಲ, ಅಪಹರಿಸಿದ ಮೀನುಗಾರಿಕೆ ದೋಣಿಯಲ್ಲಿ. 2025ರ ಮೇ 25ರಂದು ಕೊಚ್ಚಿಯ ಬಳಿ ‘ಎಂಎಸ್‌ಸಿ ಎಲ್ಸಾ 3’ ಎಂಬ ಸರಕಿನ ಹಡಗು ಮುಳುಗಿದಾಗ ಅದರ ಪೆಟ್ಟಿಗೆಗಳೂ ಪ್ಲಾಸ್ಟಿಕ್ ಹರಳುಗಳೂ ತಿರುವನಂತಪುರದ ಮರಳಿನವರೆಗೆ ತೇಲಿಬಂದವು. ಇಂಥದ್ದನ್ನು ಮೊದಲು ಕಾಣುವ ಕಣ್ಣು ಬೆಸ್ತನದು.

ಇನ್ನು ಹಣದ ಮಾತು. 2023-24ರ ರಕ್ಷಣಾ ಆಯವ್ಯಯ 5.94 ಲಕ್ಷ ಕೋಟಿ. ಅದರಲ್ಲಿ ನಿವೃತ್ತಿವೇತನಕ್ಕೆ 1.38 ಲಕ್ಷ ಕೋಟಿ. ಅದು ತೀರಿಸಲೇಬೇಕಾದ ಋಣ. ಹಡಗು, ವಿಮಾನ, ಆಯುಧಗಳಂಥ ಬಂಡವಾಳಕ್ಕೆ ಉಳಿದದ್ದು ಕಾಲುಭಾಗಕ್ಕಿಂತ ತುಸು ಹೆಚ್ಚು. ಇಷ್ಟರಲ್ಲಿ ಎಲ್ಲವೂ ಬೇಕೆಂದರೆ ಯಾವುದೂ ಹೊತ್ತಿಗೆ ಕೈಸೇರದು. ನಮ್ಮ ಕಾರವಾರವೇ ಸಾಕ್ಷಿ. ‘ಸೀ ಬರ್ಡ್’ ಯೋಜನೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು. ನೆಲೆ ನೌಕಾಪಡೆಗೆ ಒಪ್ಪಿದ್ದು 2005ರಲ್ಲಿ. ಅದಕ್ಕಾಗಿ ಕಾರವಾರ, ಅಂಕೋಲೆಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದಕ್ಕೆಗಳನ್ನು ಬಿಟ್ಟವು. ಪರಿಹಾರದ ದಾವೆಗಳು ದಶಕಗಳ ಕಾಲ ಎಳೆದವು.

ದೊಡ್ಡ ಹಡಗು ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಆದರೆ ಇನ್ನೊಂದು ವಿಮಾನವಾಹಕ ನೌಕೆಗೆ ಹಣ ತೆಗೆದಿಡುವ ಮೊದಲು ಕರಾವಳಿ ಪೊಲೀಸರ ದೋಣಿಗೆ ಇಂಧನ, ಬೆಸ್ತರಿಗೆ ಸಂಪರ್ಕ ಸಾಧನ, ನೆಲ ಬಿಟ್ಟುಕೊಟ್ಟವರಿಗೆ ಪೂರ್ಣ ಪರಿಹಾರ ಸಲ್ಲಲಿ. ಇವಕ್ಕೆ ತಗಲುವ ವೆಚ್ಚ ಹಡಗಿನ ಬೆಲೆಯ ಮುಂದೆ ಅಲ್ಪ. ಪಣಿಕ್ಕರರು ನಮ್ಮ ಮುಖವನ್ನು ಕಡಲಿನತ್ತ ತಿರುಗಿಸಿದರು. ಆ ಉಪಕಾರ ದೊಡ್ಡದು. ಆ ಕಡಲಿನ ದಡದಲ್ಲಿ ನಿಂತವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕೆಲಸ ನಮಗೆ ಉಳಿದಿದೆ.