ಹುಬ್ಬಳ್ಳಿಯಲ್ಲಿ ಚಹಾ

ಬ್ಯಾಡಗಿ ಪೇಟೆಯಲ್ಲಿ ಡಬ್ಬಿ, ಕಡ್ಡಿ ಎಂದು ಮೆಣಸಿನಕಾಯಿ ಬೇರೆ ಮಾಡುವವರು ಬಣ್ಣ ನೋಡುತ್ತಾರೆ, ಸುಕ್ಕು ನೋಡುತ್ತಾರೆ. ನನ್ನ ಚಟವೂ ಸುಕ್ಕು ನೋಡುವುದೇ. ಆದರೆ ಅದು ಭೂಕಂಪನ ಮಾಪಕದ ಗೆರೆಯ ಮೇಲಿನ ಸುಕ್ಕು. ದೊಡ್ಡ ಏರಿಳಿತ ಯಾರ ಕಣ್ಣಿಗೂ ಬಿದ್ದೀತು. ಅದಕ್ಕಿಂತ ಕೆಲವು ಸೆಕೆಂಡು ಮುಂಚೆ ಮೂಡುವ ಸಣ್ಣ ಉಬ್ಬು ಹಿಡಿಯುವುದರಲ್ಲೇ ರುಚಿ.

ಆ ಉಬ್ಬು ಎಷ್ಟು ಆಳದಿಂದ ಬರುತ್ತದೆ ಎಂದು ತಿಳಿಯಲು, ಹುಬ್ಬಳ್ಳಿಯತ್ತ ಹೋಗುವ ನಮ್ಮ ಹೆದ್ದಾರಿಯನ್ನು ರಾಣೆಬೆನ್ನೂರಿನಲ್ಲಿ ಮೊದಲಾಗುವಂತೆ ನೆಲದೊಳಗೆ ನೆಟ್ಟಗೆ ಇಳಿಸಿ ನೋಡಿ. ಮೇಲೆ ಎರೆಮಣ್ಣು. ಅದರಡಿ ಊರಿನ ಹೆಸರನ್ನೇ ಹೊತ್ತ ಗ್ರೇವ್ಯಾಕ್, ಅಂದರೆ 250 ಕೋಟಿ ವರ್ಷಕ್ಕೂ ಹಿಂದೆ ಕಡಲ ತಳದಲ್ಲಿ ಕೂತ ಮರಳು, ಕೆಸರು. ಮೋಟೆಬೆನ್ನೂರಿನಲ್ಲಿ ಬ್ಯಾಡಗಿಯ ತಿರುವು ಬಂದರೂ, ಮುಂದೆ ಹಾವೇರಿ ಬಂದರೂ ನಾವಿನ್ನೂ ತೊಗಟೆಯಲ್ಲೇ ಇರುತ್ತೇವೆ. ಬಂಕಾಪುರ ಮುಟ್ಟುವ ಮೊದಲು, 40–50 ಕಿ.ಮೀ. ಆಳದಲ್ಲಿ, ಮೊಹೊ. 1909ರಲ್ಲಿ ಜಾಗ್ರೆಬ್ ಬಳಿ ನೆಲ ನಡುಗಿದಾಗ ಮೊಹೊರೊವಿಚಿಚ್ ಗುರುತಿಸಿದ, ತೊಗಟೆ ಮುಗಿಯುವ ಗಡಿ ಇದು. ಇದರ ಕೆಳಗೆ, ಕಂಪನದಲ್ಲಿ ಮೊದಲು ತಲುಪುವ ಪಿ ಅಲೆಯ ವೇಗ ಸೆಕೆಂಡಿಗೆ ಸುಮಾರು 8 ಕಿ.ಮೀ.ಗೆ ಏರುತ್ತದೆ. ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐ 1970ರ ದಶಕದಲ್ಲಿ ಕಾವಲಿಯಿಂದ ಉಡುಪಿಯವರೆಗೆ ಸ್ಫೋಟ ನಡೆಸಿ ಈ ಗಡಿಯ ಆಳ ಅಳೆದಿತ್ತು.

ಮೊಹೊ ಎಲ್ಲರಿಗೂ ಗೊತ್ತು. ನನ್ನ ಕಣ್ಣು ಅದಕ್ಕೂ ಕೆಳಗಿನ ಗಡಿಯ ಮೇಲೆ. ಹಳೆಯ ಭೂಖಂಡಗಳ ಶಿಲಾವರಣ, ಅಂದರೆ ತೊಗಟೆ ಮತ್ತು ಅದರಡಿಯ ಗಟ್ಟಿ ಕಲ್ಲು, ಒಂದೇ ಗಟ್ಟಿ ದಿಮ್ಮಿ ಎಂದುಕೊಂಡಿದ್ದೆವು. ಅದರ ನಡುವೆ, 100 ಕಿ.ಮೀ. ಆಸುಪಾಸಿನಲ್ಲಿ, ಅಲೆಯ ವೇಗ ತುಸು ಕುಗ್ಗುವುದು ಹಲವು ಖಂಡಗಳಲ್ಲಿ ಕಂಡಿದೆ. ದೂರದ ಕಂಪನದ ಎಸ್ ಅಲೆ ಆ ಗಡಿ ದಾಟುವಾಗ ಅದರಲ್ಲೊಂದು ಪಾಲು ಹೆಚ್ಚು ವೇಗದ ಪಿ ಅಲೆಯಾಗಿ ಮುಂದೋಡುತ್ತದೆ. ಮೊಹೊದ ಮಾರ್ದನಿಗಳು ಎಸ್ ಬಂದಾದ ಮೇಲೆ ಗದ್ದಲ ಎಬ್ಬಿಸುವುದರಿಂದ, ಮುಂಚೆ ಬಂದ ಈ ಉಬ್ಬು ಸ್ವಚ್ಛವಾಗಿ ಉಳಿಯುತ್ತದೆ.

ಕಾರಣದ ಬಗ್ಗೆ ಜಗಳವಿದೆ. ಹರಳುಗಳು ಒರಗಿದ ದಿಕ್ಕು ಅಲ್ಲಿ ಬದಲಾಗಿರಬೇಕು ಎನ್ನುವವರಿದ್ದಾರೆ. ಬಿಸಿ ಒಂದು ಮಟ್ಟ ಮುಟ್ಟಿದಾಗ ಖನಿಜದ ಕಣಗಳು ಅಂಚಿನಲ್ಲಿ ಜಾರುತ್ತವೆ, ಬೇರೆ ಕಲ್ಲೇ ಬೇಡ ಎಂಬುದು ಕರಾಟೊ ಎಂಬ ವಿಜ್ಞಾನಿಯ ವಾದ. ನನಗೆ ಹಿಡಿಸಿದ್ದು ಮೂರನೆಯದು: ಕೆಳಗಿನಿಂದ ಏರಿದ ಕರಗು ಅಲ್ಲೇ ಹೆಪ್ಪುಗಟ್ಟಿ, ನೀರಿನಂಶ ಹಿಡಿದಿಟ್ಟ ಆಂಫಿಬೋಲ್, ಫ್ಲೋಗೊಪೈಟ್ ಖನಿಜಗಳಾಗಿದೆ. ಆಂಫಿಬೋಲ್ ಸುಮಾರು 100 ಕಿ.ಮೀ.ಗಿಂತ ಆಳದ ಒತ್ತಡ ತಾಳುವುದಿಲ್ಲ. ಖಂಡ ಬೇರೆಯಾದರೂ ಆಳ ಹೆಚ್ಚುಕಡಿಮೆ ಒಂದೇ ಯಾಕೆ ಎಂಬುದಕ್ಕೆ ಇದರಲ್ಲಿ ಉತ್ತರ ಸಿಗುತ್ತದೆ.

ನಮ್ಮ ನೆಲದ ತಕರಾರೇ ಬೇರೆ. 2007ರಲ್ಲಿ ಪ್ರಕಾಶ್ ಕುಮಾರ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ, ಭಾರತದ ಶಿಲಾವರಣ ಸುಮಾರು 100 ಕಿ.ಮೀ.ಗೆ ಮುಗಿಯುತ್ತದೆ, ಗೊಂಡ್ವಾನ ಮಹಾಖಂಡ ಒಡೆಯುವಾಗ ಬುಡ ಕರಗಿಹೋಯಿತು, ಹಗುರಾದ್ದರಿಂದಲೇ ಈ ಫಲಕ ಅಷ್ಟು ವೇಗವಾಗಿ ಉತ್ತರಕ್ಕೆ ಓಡಿತು ಎಂದರು. ನಮ್ಮ ದಾರಿಯಲ್ಲಿ ಅದು ಹುಬ್ಬಳ್ಳಿ ಹತ್ತಿರ. ಆದರೆ ಧಾರವಾಡ ಕ್ರೇಟಾನ್ ಎಂಬ ಇಲ್ಲಿನ ಹಳೆಯ ಭೂಖಂಡದ ತುಂಡಿನ ಪೂರ್ವ ಭಾಗದ ವಜ್ರಕರೂರಿನಲ್ಲಿ, ಸುಮಾರು 110 ಕೋಟಿ ವರ್ಷದ ಹಿಂದೆ, ಕಿಂಬರ್ಲೈಟ್ ಶಿಲೆ ವಜ್ರ ಹೊತ್ತು ಮೇಲೆ ಬಂತು. ವಜ್ರ ಕಟ್ಟಲು 150 ಕಿ.ಮೀ. ಆಸುಪಾಸಿನ ತಣ್ಣನೆಯ ಬೇರು ಬೇಕು, ಅಂದರೆ ಧಾರವಾಡವನ್ನೂ ದಾಟಿ ಕಿತ್ತೂರಿನ ಹತ್ತಿರ. ಅದು ಆಗಿನ ಮಾತು, ಈಗ ಆ ಬೇರಿಲ್ಲ ಎಂದು ಅವರು ಹೇಳಬಹುದು, ವಾದ ಸುಳ್ಳಲ್ಲ. ಆದರೂ ಮೇಲ್ಮೈ ಅಲೆಗಳನ್ನು ಅಳೆದ ಬೇರೆಯವರಿಗೆ ದಕ್ಷಿಣ ಭಾರತದಡಿ ಇವತ್ತಿಗೂ 100 ಕಿ.ಮೀ. ಮೀರಿ ಗಟ್ಟಿ ಕಲ್ಲು ಸಿಕ್ಕಿದೆ. ಹಾಗಾಗಿ 2007ರಲ್ಲಿ ಕಂಡದ್ದು ತಳವಲ್ಲ, ನಡುಗಡಿ ಎಂದೇ ನನ್ನ ಅಂದಾಜು. ಬಸ್ಸು ಹುಬ್ಬಳ್ಳಿಯಲ್ಲಿ ಚಹಾಕ್ಕೆ ನಿಂತಿದೆ, ಅಷ್ಟೇ.