ಕತ್ತಲಲ್ಲಿ ಅರಳುವ ಬಣ್ಣ

ಬೆಂಗಳೂರಿನ ಶಿವಾಜಿನಗರದ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಬದಲಾಯಿಸುವ ಎಲ್‌ಸಿಡಿ ಪರದೆಯೊಳಗೆ ಇರುವುದು ದ್ರವಸ್ಫಟಿಕದ ತೆಳು ಪದರ. ಅದರ ನಿಜವಾದ ಚೆಲುವು ಕಾಣಬೇಕಾದರೆ ಧ್ರುವಕ ಸೂಕ್ಷ್ಮದರ್ಶಕಕ್ಕೇ ಕಣ್ಣಿಡಬೇಕು.

ಎರಡು ಪೋಲರಾಯ್ಡ್‌ಗಳನ್ನು ಒಂದಕ್ಕೊಂದು ಅಡ್ಡಲಾಗಿ ಇಟ್ಟರೆ ಬೆಳಕು ದಾಟದು, ನೋಟವೆಲ್ಲ ಕಪ್ಪು. ಅವುಗಳ ನಡುವೆ, ಗಾಜಿನ ಮೇಲೆ ಕಾಯಿಸಿದ ದ್ರವಸ್ಫಟಿಕದ ಹನಿಯೊಂದನ್ನು ಇಟ್ಟು ಮೆಲ್ಲಗೆ ತಣಿಸಿ. ಬರೀ ದ್ರವವಾಗಿರುವಷ್ಟು ಹೊತ್ತೂ ಕತ್ತಲೆಯೇ. ತಕ್ಕ ಉಷ್ಣತೆಗೆ ಇಳಿದೊಡನೆ ಬಣ್ಣದ ಪುಟ್ಟ ಚುಕ್ಕಿಗಳು ಮೂಡಿ, ಬೆಳೆದು, ಒಂದರೊಳಗೊಂದು ಕೂಡಿಕೊಳ್ಳುತ್ತವೆ. ಇದು ನೆಮ್ಯಾಟಿಕ್, ಅಂದರೆ ಅಣುಗಳು ಹರಿಯುತ್ತಲೇ ಸುಮಾರಾಗಿ ಒಂದೇ ದಿಕ್ಕಿಗೆ ವಾಲಿರುವ ಸ್ಥಿತಿ. ಕಪ್ಪು ಎಳೆಗಳು ಕೆಲವು ಬಿಂದುಗಳಲ್ಲಿ ಎರಡೆರಡಾಗಿ, ನಾಲ್ಕುನಾಲ್ಕಾಗಿ ಸಂಧಿಸುತ್ತವೆ. ಪೋಲರಾಯ್ಡ್‌ಗಳೆರಡನ್ನೂ ಒಟ್ಟಿಗೆ ತಿರುಗಿಸಿದರೆ ಎಳೆಗಳು ಸುತ್ತುತ್ತವೆ, ಬಿಂದು ಮಾತ್ರ ಕದಲುವುದಿಲ್ಲ. ನನಗೆ ಎಲ್ಲಕ್ಕಿಂತ ಪ್ರಿಯವಾದ ನೋಟ ಇದೇ: ಅಣುಗಳು ಎತ್ತ ವಾಲಿವೆ ಎಂಬುದರ ಸುಳಿವು ಕಣ್ಣಿಗೇ ಸಿಗುತ್ತದೆ. ಕೆಲವು ವಸ್ತುಗಳು ಇನ್ನೂ ತಣಿದು ಸ್ಮೆಕ್ಟಿಕ್ ಆದಾಗ, ಅಂದರೆ ಅಣುಗಳು ಪದರಪದರವಾಗಿ ಕೂತಾಗ, ಬೀಸಣಿಗೆ ಬಿಚ್ಚಿದಂಥ ವಿನ್ಯಾಸ.

ಈ ವಿದ್ಯೆಯಲ್ಲಿ ನಮ್ಮ ಊರಿಗೆ ದೊಡ್ಡ ಪಾಲಿದೆ. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಬಿಲ್ಲೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕ ಆಗುತ್ತದೆಂದು 'ಪ್ರಮಾಣ' ಪತ್ರಿಕೆಯಲ್ಲಿ ತೋರಿಸಿದರು. ಅಲ್ಲಿಯವರೆಗೆ ಹೆಚ್ಚಾಗಿ ಗೊತ್ತಿದ್ದವು ಕಡ್ಡಿಯಂಥ ಅಣುಗಳವು. ಬಿಲ್ಲೆಗಳು ಒಂದರ ಮೇಲೊಂದು ಕೂತು ಕಂಬಗಳಾಗುತ್ತವೆ!

ಹಲಸೂರಿನ, ಕೆ.ಆರ್. ಪುರದ ಶಾಲೆಗಳ ವಿಜ್ಞಾನ ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ಒಮ್ಮೆಯಾದರೂ ತೋರಿಸಲಿ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಎರಡು ಪೋಲರಾಯ್ಡ್ ಹಾಳೆ ಸೇರಿಸಿದರೆ ಶುರುಮಾಡಲು ಸಾಕು.