ಪಂಪನ ಬನವಾಸಿ: ಅಗಲಿದವನ ದೃಷ್ಟಿ

ಕ್ರಿ. ಶ. 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದಾಗ ಪಂಪನಿಗೆ ಆಶ್ರಯವಿತ್ತವನು ವೇಮುಲವಾಡದ ಚಾಲುಕ್ಯ ಅರಿಕೇಸರಿ. ಆ ಊರು ಇಂದು ತೆಲಂಗಾಣದಲ್ಲಿದೆ. ಬನವಾಸಿಯ ವರ್ಣನೆಯನ್ನು ನಾಡಭಕ್ತಿಯ ಉದ್ಗಾರವೆಂದು ಕೊಂಡಾಡುವವರು ಈ ದೂರವನ್ನು ಅಷ್ಟಾಗಿ ಗಣಿಸುವುದಿಲ್ಲ.

ತೀರ್ಥಯಾತ್ರೆಗೆ ಹೊರಟ ಅರ್ಜುನನು ಬನವಾಸಿಗೆ ಬರುತ್ತಾನೆ. ಹೊಸದಾಗಿ ಬಂದವನು ಬೆರಗಾಗುವುದು ಸಹಜ. ಆದರೆ ಎದುರಿಗಿರುವ ನಾಡನ್ನು ಅವನು ನೆನೆಯುವುದೆಂತು? ನೆನಪು ಅಗಲಿದವನ ಸೊತ್ತು. ಇಲ್ಲಿ ಅರ್ಜುನನ ಮರೆಯಲ್ಲಿ ನಿಂತು ನುಡಿಯುವವನು ಕವಿಯೇ ಎಂಬುದು ಸ್ಪಷ್ಟ.

ಆ ನೆನಪನ್ನು ಕೆರಳಿಸುವ ವಸ್ತುಗಳಾವುವು? ದಕ್ಷಿಣದ ಗಾಳಿ, ಒಳ್ಳೆಯ ಮಾತು, ಇಂಪಾದ ಹಾಡು, ಅರಳಿದ ಮಲ್ಲಿಗೆ, ವಸಂತೋತ್ಸವ. ಇವುಗಳಲ್ಲಿ ಬನವಾಸಿಗೇ ಮೀಸಲಾದುದು ಒಂದೂ ಇಲ್ಲ. ಪಂಪನ ಪ್ರತಿಭೆ ಮೆರೆದಿರುವುದು ಇಲ್ಲಿಯೇ. ಯಾವ ಊರಿನಲ್ಲಿ ಮಲ್ಲಿಗೆ ಬಿರಿದರೂ ಅಗಲಿದವನಿಗೆ ಬನವಾಸಿ ಸಮೀಪಿಸುತ್ತದೆ. ಪ್ರಯಾಣವು ನಾಡನ್ನು ನೆಲದಿಂದ ಬಿಡಿಸಿ ಇಂದ್ರಿಯಗಳಲ್ಲಿ ನೆಲೆಗೊಳಿಸಿದೆ.

ಈ ದೃಷ್ಟಿಗೆ ಮಿತಿಯೂ ಉಂಟು. ಆ ಪದ್ಯದಲ್ಲಿ ಉಳುವವನಿಲ್ಲ, ಬರಗಾಲವಿಲ್ಲ, ದಾಯಾದಿಗಳ ಕಲಹವಿಲ್ಲ. ಸುಮಾರು ಸಾವಿರ ವರ್ಷಗಳ ತರುವಾಯ ಬಂದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ರಾಮನು ಮದರಾಸು, ಮುಂಬಯಿಗಳನ್ನು ಕಂಡು ಕಡಲ ತೀರದ ತನ್ನ ಹಳ್ಳಿಗೆ ಹಿಂದಿರುಗುತ್ತಾನೆ. ಅಲ್ಲಿ ಅವನಿಗಾಗಿ ಕಾದಿರುವುದು ದುಡಿಮೆಯನ್ನು ಬೇಡುವ ಮಣ್ಣು. ಪಂಪನು ಅಗಲಿಕೆಯ ಸತ್ಯವನ್ನು ನುಡಿದರೆ ಕಾರಂತರು ಮರಳುವಿಕೆಯ ಬೆಲೆಯನ್ನು ಕಾಣಿಸುತ್ತಾರೆ. ಹೊರನಾಡಿನ ಕನ್ನಡಿಗನು ಮೊದಲನೆಯದನ್ನು ಬಾಯಿಪಾಠ ಮಾಡಿ ಎರಡನೆಯದನ್ನು ಮರೆತರೆ, ಅವನ ಪ್ರೀತಿಗೆ ಮಲ್ಲಿಗೆ ದೊರೆತೀತು, ನಾಡು ದೊರೆಯದು.